ಮಗನಿಗೆ ಸೋಲು ತಡೆಯಲು ಆಗುವುದಿಲ್ಲ, ಕೈ ಎತ್ತುತ್ತಾನೆ. ಈ ಸಲ ನಾನೂ ಎತ್ತಿಬಿಟ್ಟೆ

ಡೊಂಬಿವಲಿ ಅಮ್ಮ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬರೆಯದೆ ಇರಲು ಆಗಲಿಲ್ಲ.

ಮಗನಿಗೆ ಏಳು ವರ್ಷ, ಎರಡನೇ ಕ್ಲಾಸು. ಮೊನ್ನೆ ಶನಿವಾರ ಸಂಜೆ ಬಿಲ್ಡಿಂಗ್ ಕಾಂಪೌಂಡಿನಲ್ಲಿ ಕ್ರಿಕೆಟ್ ಆಡುತ್ತಿದ್ದರು. ಇವನು ಔಟಾದ. ಔಟಿಲ್ಲ ಎಂದು ವಾದ ಮಾಡಿದ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿಕೊಂಡು 'ಔಟ್ ಔಟ್' ಎಂದು ಕೂಗಿದರು. ಬ್ಯಾಟನ್ನು ಬೀಸಿ ಎಸೆದುಬಿಟ್ಟ. ಅದು ಬಿ ವಿಂಗಿನ ಹುಡುಗನ ಹಣೆಗೆ ಬಿತ್ತು. ಎರಡು ಹೊಲಿಗೆ ಹಾಕಬೇಕಾಯಿತು.

ನಾನು ಅದೇ ಹೊತ್ತಿಗೆ ತರಕಾರಿ ಚೀಲ ಹಿಡಿದು ಗೇಟಿನೊಳಗೆ ಬಂದೆ. ಆ ಮಗುವಿನ ಹಣೆಯ ರಕ್ತ ನೋಡಿದ್ದಷ್ಟೇ ನೆನಪು. ಎಲ್ಲರ ಎದುರು ಮಗನ ಕೆನ್ನೆಗೆ ಎರಡು ಬಾರಿಸಿದೆ. ಅವನು ಅಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಉಪ್ಪಿನಕಾಯಿ ಭರಣಿ ತೆಗೆಯಲು ಶೆಲ್ಫಿನ ಕಡೆ ಕೈ ಎತ್ತಿದೆ. ಅವನು ಕತ್ತು ತಗ್ಗಿಸಿ ಪಕ್ಕಕ್ಕೆ ಸರಿದ. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಇದು ಮೊದಲ ಸಲ ಅಲ್ಲ. ಕೇರಂನಲ್ಲಿ ಸೋತರೆ ಬೋರ್ಡ್ ತಳ್ಳುತ್ತಾನೆ. ಡ್ರಾಯಿಂಗ್ ಸರಿ ಬರದಿದ್ದರೆ ಹಾಳೆ ಹರಿಯುತ್ತಾನೆ. ನಾನು ಕೆಲಸ ಮುಗಿಸಿ ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್ನಿನಿಂದ ಲೋಕಲ್ ರೈಲಿನಲ್ಲಿ ಮನೆ ಸೇರುವಾಗ ರಾತ್ರಿ ಎಂಟೂವರೆ ಆಗುತ್ತದೆ. ಅಲ್ಲಿವರೆಗೆ ಅತ್ತೆಯವರ ಹತ್ತಿರ ಚೆನ್ನಾಗಿಯೇ ಇರುತ್ತಾನಂತೆ. ನಾನು ಚಪ್ಪಲಿ ಬಿಡುವ ಹೊತ್ತಿಗೆ ಶುರು. 'ಶಾಂತವಾಗಿರು' ಎಂದರೆ ಇನ್ನೂ ಜಾಸ್ತಿ ಕಿರುಚುತ್ತಾನೆ. ನಮ್ಮದು ಒಂದು ಬೆಡ್‌ರೂಮಿನ ಮನೆ. ಬೇರೆ ಕೋಣೆಗೆ ಹೋಗಿ ಕೂರು ಎನ್ನಲು ಬೇರೆ ಕೋಣೆ ಎಲ್ಲಿದೆ?

ಆ ಹೊತ್ತಿನಲ್ಲಿ ನಾನೇನು ಮಾಡಬೇಕು? ಅನುಭವ ಇದ್ದವರು ಹೇಳಿ.

ಥಾಣೆಕರ್

ಅಕ್ಕ, ಮೊದಲು ನೀವು ಸ್ವಲ್ಪ ಉಸಿರಾಡಿ. ಬರೆದು ಒಳ್ಳೆಯದು ಮಾಡಿದಿರಿ.

ನನ್ನ ಮಗಳಿಗೆ ಈಗ ಹನ್ನೊಂದು. ಆರೇಳು ವರ್ಷದಲ್ಲಿ ನಿಮ್ಮ ಮಗನ ಹಾಗೆಯೇ ಇದ್ದಳು. ಸಿಟ್ಟು ಏರಿದ ಹೊತ್ತಿನಲ್ಲಿ ನಾನು ಬುದ್ಧಿ ಹೇಳುತ್ತಿದ್ದೆ. ಆಮೇಲೆ ಗೊತ್ತಾಯಿತು, ಆಗ ಅವಳ ಕಿವಿಗೆ ಏನೂ ಹೋಗುವುದಿಲ್ಲ. ಮಳೆಗಾಲದಲ್ಲಿ ಹಳಿಯ ಮೇಲೆ ನೀರು ನಿಂತಾಗ ಲೋಕಲ್ ನಿಲ್ಲುತ್ತದಲ್ಲ, ಹಾಗೆ. ನೀರು ಇಳಿಯುವ ತನಕ ಎಷ್ಟು ಅನೌನ್ಸ್‌ಮೆಂಟ್ ಮಾಡಿದರೂ ಗಾಡಿ ಹೊರಡುವುದಿಲ್ಲ.

ನಮ್ಮದೂ ಚಿಕ್ಕ ಮನೆ. ಹಾಗಾಗಿ ಮಹಡಿ ಮೆಟ್ಟಿಲೇ ನಮ್ಮ ಜಾಗ. ಅವಳು ಕಿರುಚಲು ಶುರುಮಾಡಿದರೆ ನಾನು ಮಾತಾಡದೆ ಬಾಗಿಲು ತೆಗೆದು ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವಳೂ ಬರುತ್ತಿದ್ದಳು. ಎರಡು ಮೆಟ್ಟಿಲು ಬಿಟ್ಟು ಕೂರುತ್ತಿದ್ದಳು, ಆಮೇಲೆ ಒಂದು ಮೆಟ್ಟಿಲು. ನಾನು ಹೇಳುತ್ತಿದ್ದದ್ದು ಒಂದೇ ಮಾತು: 'ಇಲ್ಲೇ ಇದ್ದೇನೆ.' ಅವಳನ್ನು ಒಬ್ಬಳೇ ಆಚೆ ಕಳಿಸಿದರೆ ಅದು ಶಿಕ್ಷೆ ಆಗುತ್ತಿತ್ತು. ಜೊತೆಗೆ ನಾನಿದ್ದದ್ದರಿಂದ ಆಗಲಿಲ್ಲ.

ಇನ್ನೊಂದು. ಕೈ ಎತ್ತಿದರೆ ಆ ಕೈಯನ್ನು ಹಿಡಿಯಿರಿ. ಹೊಡೆಯಬೇಡಿ, ಹಿಡಿಯಿರಿ. 'ಹೊಡೆಯಲು ನಾನು ಬಿಡುವುದಿಲ್ಲ' ಎಂದು ಮೆಲ್ಲಗೆ ಹೇಳಿ. ಸಿಟ್ಟು ಬರಬಾರದು ಎಂದು ಅದರ ಅರ್ಥ ಅಲ್ಲ. ಸಿಟ್ಟು ಬರಲಿ, ಪೆಟ್ಟು ಯಾರಿಗೂ ಬೀಳಬಾರದು, ಅಷ್ಟೇ.

ಮಾಟುಂಗಾ ಅಜ್ಜ

ತಾಯಿ, ನನಗೆ ಎಪ್ಪತ್ತಾರು ವರ್ಷ. ಊರು ಉಡುಪಿ ಕಡೆ. ನಿಮ್ಮನ್ನು ನೋಯಿಸಲು ಬರೆಯುತ್ತಿಲ್ಲ. ಆದರೆ ಇನ್ನೊಬ್ಬರ ಮಗುವಿನ ಹಣೆಯಲ್ಲಿ ರಕ್ತ ಬಂದಿದೆ. ಎರಡು ಏಟು ಕೊಟ್ಟದ್ದಕ್ಕೆ ಇಷ್ಟು ಕೊರಗಬೇಕಾ? ನಮ್ಮ ಮೇಷ್ಟ್ರು ನಾಗರಬೆತ್ತ ಇಟ್ಟುಕೊಂಡಿದ್ದರು. ನಾವು ಯಾರೂ ಹಾಳಾಗಲಿಲ್ಲ.

ನನ್ನ ಪ್ರಕಾರ ಈಗಿನ ಮಕ್ಕಳಿಗೆ ಸೋತು ಅಭ್ಯಾಸ ಇಲ್ಲ. ಮನೆಯಲ್ಲಿ ಒಂದೇ ಮಗು. ಆಟದಲ್ಲಿ ಅಪ್ಪ ಅಮ್ಮ ಬೇಕೆಂದೇ ಸೋಲುತ್ತಾರೆ. ಮೊಬೈಲ್ ಗೇಮಿನಲ್ಲಿ ಸೋತರೆ ಒಂದು ಗುಂಡಿ ಒತ್ತಿ ಮತ್ತೆ ಮೊದಲಿಂದ. ಹೊರಗೆ ಹೋದಾಗ ಹತ್ತು ಮಕ್ಕಳು ನಗುತ್ತಾರೆ. ಅದನ್ನು ತಡೆಯುವುದು ಹೇಗೆಂದು ಅದಕ್ಕೆ ಯಾರು ಕಲಿಸಿದ್ದಾರೆ? ಅದನ್ನು ಯೋಚಿಸಿ.

ಪುಣೆ ಕೌನ್ಸೆಲರ್

ನಮಸ್ಕಾರ. ನಾನು ಧಾರವಾಡದವಳು. ಹದಿನಾಲ್ಕು ವರ್ಷದಿಂದ ಪುಣೆಯಲ್ಲಿ ಶಾಲಾ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದೇನೆ.

ಅಜ್ಜಾರ, ಸೋತು ಅಭ್ಯಾಸ ಇಲ್ಲ ಎಂದಿರಲ್ಲ, ಆ ಮಾತಿಗೆ ಕೈ ಮುಗಿಯುತ್ತೇನೆ. ಆದರೆ ಬೆತ್ತದ ಮಾತು ಒಪ್ಪಲಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಮಗುವನ್ನು ಹೊಡೆಯುವಂತಿಲ್ಲ, ಮಾನಸಿಕವಾಗಿ ಹಿಂಸಿಸುವಂತೆಯೂ ಇಲ್ಲ. ಕಾಯ್ದೆ ಒಂದು ಕಡೆ ಇರಲಿ. ಈ ಹುಡುಗ ಮಾಡಿದ ತಪ್ಪು ಏನು? ಸಿಟ್ಟು ಬಂದಾಗ ಕೈ ಬೀಸಿದ್ದು. ಹೊಡೆದಾಗ ಅವನು ದೊಡ್ಡವರಿಂದ ಕಲಿಯುವುದೂ ಅದನ್ನೇ. ಉಪ್ಪಿನಕಾಯಿ ಭರಣಿಗೆ ಕೈ ಎತ್ತಿದಾಗ ಸರಿದನಲ್ಲ, ಅವನಿಗೆ ನೆನಪಿರುವುದು ಆ ಹುಡುಗನ ಹಣೆಯ ಗಾಯ ಅಲ್ಲ, ಅಮ್ಮನ ಕೈ. ಗಾಯದ ಬಗ್ಗೆ ಯೋಚಿಸಲು ಅವನಿಗೆ ಪುರುಸೊತ್ತೇ ಸಿಗಲಿಲ್ಲ.

ಥಾಣೆಯ ಅಣ್ಣ ಹೇಳಿದ ಹಳಿಯ ನೀರಿನ ಮಾತು ನಿಜ. ಮಿದುಳಿನಲ್ಲಿ ಅಮಿಗ್ಡಲಾ ಎಂಬ ಚಿಕ್ಕ ಭಾಗ ಇದೆ. ಅಪಾಯ, ಅವಮಾನ ಎಂದು ಅನಿಸಿದ ಕೂಡಲೇ ಮೈಯನ್ನು ಎಬ್ಬಿಸುವುದರಲ್ಲಿ ಅದರ ಪಾಲು ದೊಡ್ಡದು. ಎದೆ ಬಡಿದುಕೊಳ್ಳುತ್ತದೆ, ಮುಷ್ಟಿ ಬಿಗಿಯುತ್ತದೆ. 'ನಿಲ್ಲು, ಯೋಚಿಸು' ಎನ್ನುವುದು ಹಣೆಯ ಹಿಂದಿನ ಭಾಗ. ಅದು ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಏಳು ವರ್ಷದವನಿಗೆ ಬ್ರೇಕ್ ಇನ್ನೂ ಕೂರಿಸುತ್ತಿದ್ದಾರೆ ಎಂದುಕೊಳ್ಳಿ. ಅಲ್ಲಿವರೆಗೆ ದೊಡ್ಡವರೇ ಬ್ರೇಕ್.

ಅಮ್ಮ ಬಂದ ಕೂಡಲೇ ಶುರುವಾಗುತ್ತದೆ ಎಂದಿರಿ. ಅದನ್ನು ನಿಮ್ಮ ಮೇಲಿನ ದೂರು ಎಂದುಕೊಳ್ಳಬೇಡಿ. ದಿನವಿಡೀ ಶಾಲೆಯಲ್ಲಿ, ಟ್ಯೂಷನ್ನಿನಲ್ಲಿ, ಅಜ್ಜಿಯ ಎದುರು ತಡೆದಿಟ್ಟದ್ದನ್ನು ಧೈರ್ಯವಾಗಿ ಇಳಿಸುವ ಜಾಗ ನೀವು.

ಒಂದು ಪ್ರಶ್ನೆ. ಔಟಾದಾಗ ಏನಾಯಿತು ಎಂದು ಕೇಳಿದರೆ ಏನು ಹೇಳುತ್ತಾನೆ? ಯಾವ ಭಾಷೆಯಲ್ಲಿ ಹೇಳುತ್ತಾನೆ?

ಡೊಂಬಿವಲಿ ಅಮ್ಮ

ಮೇಡಂ, ಕೇಳಿದೆ. 'ಐ ವಾಸ್ ಆಂಗ್ರಿ' ಎಂದ. ಯಾವಾಗಲೂ ಅದೇ. ಶಾಲೆಯಲ್ಲಿ ಇಂಗ್ಲಿಷ್, ಕೆಳಗೆ ಆಡುವಾಗ ಮರಾಠಿ, ಹಿಂದಿ. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ.

ಮಲ್ಲಿಗೆ ಅಂಧೇರಿ

ಈ ಮಾತಿಗೆ ನಾನು ಬರಲೇಬೇಕು. ನಮ್ಮ ಮನೆಯಲ್ಲಿ ತುಳು, ಕನ್ನಡ ಎರಡೂ ಇದೆ. ನನ್ನ ಮಗಳಿಗೆ ಒಂಬತ್ತು. ಎರಡು ವರ್ಷದ ಹಿಂದೆ ಅವಳಿಗೆ ಇದ್ದದ್ದು ಮೂರೇ ಪದ: ಹ್ಯಾಪಿ, ಆಂಗ್ರಿ, ಬೋರ್. ಗೆಳತಿ ಮಾತು ಬಿಟ್ಟರೂ ಬೋರ್, ಪರೀಕ್ಷೆ ಹತ್ತಿರ ಬಂದರೂ ಬೋರ್, ತಮ್ಮನಿಗೆ ಹೊಸ ಸೈಕಲ್ ತಂದರೂ ಬೋರ್. ಒಂದು ದಿನ ನನ್ನ ಅಮ್ಮ ಊರಿಂದ ಬಂದಿದ್ದರು. ಸೈಕಲ್ ಸುತ್ತ ಮುಖ ಊದಿಸಿಕೊಂಡು ತಿರುಗುತ್ತಿದ್ದವಳನ್ನು ನೋಡಿ, 'ಇದು ಬೋರ್ ಅಲ್ಲ ಪುಟ್ಟಿ, ಹೊಟ್ಟೆಕಿಚ್ಚು. ನನಗೂ ನನ್ನ ತಂಗಿ ಮೇಲೆ ಬರುತ್ತಿತ್ತು' ಎಂದರು. ಮಗಳು ದಂಗಾದಳು. ಹೊಟ್ಟೆಯಲ್ಲಿ ನಿಜವಾಗಿ ಕಿಚ್ಚು ಇರುತ್ತದಾ ಎಂದು ಕೇಳಿದಳು. ಇರುತ್ತದೆ, ಇಲ್ಲಿ ಉರಿಯುತ್ತದೆ ನೋಡು ಎಂದು ಅಜ್ಜಿ ಅವಳ ಹೊಟ್ಟೆ ಮುಟ್ಟಿ ತೋರಿಸಿದರು. ಅವಳು ನಕ್ಕಳು. ಆಮೇಲೆ ಅತ್ತಳು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು.

ಅವತ್ತಿನಿಂದ ಫ್ರಿಜ್ ಬಾಗಿಲಿಗೆ ಚೀಟಿ ಅಂಟಿಸುತ್ತಿದ್ದೇವೆ. ಒಂದೊಂದು ಪದ ಸಿಕ್ಕಿದ ಹಾಗೆ ಒಂದೊಂದು ಚೀಟಿ. ಸಿಟ್ಟು ಬೇರೆ, ಮುನಿಸು ಬೇರೆ. ಸಿಟ್ಟು ಯಾರ ಮೇಲಾದರೂ ಬರುತ್ತದೆ. ಮುನಿಸು ನಮ್ಮವರ ಮೇಲೆ ಮಾತ್ರ, ಬಂದು ಸಮಾಧಾನ ಮಾಡಲಿ ಎಂದೇ ಮುನಿಸಿಕೊಳ್ಳುವುದು. ಮರಾಠಿಯಲ್ಲಿ ರುಸವಾ ಎನ್ನುತ್ತಾರಲ್ಲ, ಅದೇ. ಕೆಳಗಿನ ಮನೆಯ ಕಾಕೂ ಹೇಳಿದ ಮೇಲೆ ಅದೂ ಫ್ರಿಜ್ ಮೇಲೆ ಏರಿತು. ಅಳುಕು, ದಿಗಿಲು, ಕಸಿವಿಸಿ, ತಳಮಳ. ಅಳುಕು ಎಂದರೆ ವೇದಿಕೆ ಹತ್ತುವ ಮುಂಚೆ ಕಾಲು ಹಿಂದೆ ಎಳೆಯುವುದು. ದಿಗಿಲು ಎಂದರೆ ದಾದರ್ ಸ್ಟೇಷನ್ನಿನ ಜನದಲ್ಲಿ ಒಂದು ಕ್ಷಣ ಅಮ್ಮನ ಕೈ ತಪ್ಪಿದಾಗ ಆಗುವುದು. ಇದನ್ನು ಅವಳೇ ಹೇಳಿದ್ದು.

ನಿಮ್ಮ ಮಗನಿಗೆ ಬಂದದ್ದು ಸಿಟ್ಟು ಮಾತ್ರ ಅಲ್ಲ ಎಂದು ನನಗೆ ಅನಿಸುತ್ತದೆ. ಹತ್ತು ಮಕ್ಕಳು ಚಪ್ಪಾಳೆ ತಟ್ಟಿ ನಕ್ಕಾಗ ಆಗುವುದಕ್ಕೆ ನಮ್ಮಲ್ಲಿ ಒಳ್ಳೆಯ ಪದ ಇದೆ: ಪೆಚ್ಚು. ಅವನು ಪೆಚ್ಚಾದ. ಆ ಪದ ಅವನ ಹತ್ತಿರ ಇರಲಿಲ್ಲ, ಬ್ಯಾಟ್ ಇತ್ತು.

ಥಾಣೆಕರ್

ಕೊನೆಯ ಸಾಲು ಓದಿ ಸುಮ್ಮನೆ ಕೂತುಬಿಟ್ಟೆ ಅಕ್ಕ.

ಆದರೆ ಒಂದು ಎಚ್ಚರ. ನಾನೂ ಇದನ್ನು ಮಾಡಲು ಹೋಗಿ ಪೆಟ್ಟು ತಿಂದಿದ್ದೇನೆ. ಮಗಳು ಕಿರುಚುತ್ತಿದ್ದಾಗ 'ನಿನಗೆ ಈಗ ಬೇಜಾರಾಗಿದೆ ಅಲ್ವಾ' ಎಂದೆ. 'ನನಗೇನೂ ಆಗಿಲ್ಲ' ಎಂದು ಇನ್ನೂ ಜೋರಾದಳು. ಸಿಟ್ಟಿನ ನಡುವೆ ಹೆಸರು ಹೇಳಿದರೆ ಕೆಲವು ಮಕ್ಕಳಿಗೆ ಅದೇ ಇನ್ನೊಂದು ಅವಮಾನ.

ಪುಣೆ ಕೌನ್ಸೆಲರ್

ಇಬ್ಬರ ಮಾತೂ ಸರಿ.

ಹೆಸರಿಡುವುದು ನಮ್ಮ ಅಜ್ಜಿಯರ ಜಾಣತನ. ಪ್ರಯೋಗಾಲಯದಲ್ಲೂ ಅದನ್ನು ನೋಡಿದ್ದಾರೆ. 2007ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು ದೊಡ್ಡವರಿಗೆ ಸಿಟ್ಟಿನ, ಹೆದರಿಕೆಯ ಮುಖಗಳ ಚಿತ್ರ ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ಆ ಭಾವನೆಗೆ ತಕ್ಕ ಪದ ಆರಿಸಿದಾಗ ಅಮಿಗ್ಡಲಾದ ಅಬ್ಬರ ಕಡಿಮೆಯಾಯಿತು, ಹಣೆಯ ಹಿಂದಿನ ಒಂದು ಭಾಗ ಚುರುಕಾಯಿತು. ಅದು ದೊಡ್ಡವರ ಮೇಲೆ ಮಾಡಿದ ಪ್ರಯೋಗ, ಮಕ್ಕಳ ಮೇಲೆ ಅಲ್ಲ. ಆದರೂ ನನ್ನ ಕೆಲಸದಲ್ಲಿ ನಾನು ದಿನಾ ನೋಡುವುದು ಅದನ್ನೇ.

ಆದರೆ ಹೊತ್ತು ಮುಖ್ಯ. ಸಿಟ್ಟು ನೆತ್ತಿಗೇರಿದಾಗ ಪದ ಬೇಡ. ಹತ್ತಿರ ಇರುವುದು ಸಾಕು. ಇಳಿದ ಮೇಲೆ, ಹೊಟ್ಟೆಗೆ ಏನಾದರೂ ಹೋದ ಮೇಲೆ, ಮಲಗುವ ಮುಂಚೆ ದೀಪ ಆರಿಸಿ ಮಾತಾಡಿ. ಕತ್ತಲಲ್ಲಿ ಮಕ್ಕಳು ಎಷ್ಟೋ ಹೇಳುತ್ತಾರೆ. ಮುಖ ನೋಡಬೇಕಾಗಿಲ್ಲವಲ್ಲ. 'ಪೆಚ್ಚಾಯಿತಾ?' ಎಂದು ಕೇಳಿ. ಹೇಳಿಕೊಡಬೇಡಿ, ಕೇಳಿ. ಅವನು ಅಲ್ಲ ಎಂದರೆ ಅಲ್ಲ. ಬೇರೆ ಪದ ಹುಡುಕೋಣ ಎನ್ನಿ.

ಉಸಿರಾಟದ ಬಗ್ಗೆ ಎಲ್ಲರೂ ಹೇಳುತ್ತಾರೆ. 'ದೀರ್ಘವಾಗಿ ಉಸಿರೆಳೆ' ಎಂದು ಜಗಳದ ನಡುವೆ ಹೇಳಿದರೆ ಯಾವ ಮಗುವೂ ಕೇಳುವುದಿಲ್ಲ. ಖುಷಿಯಾಗಿರುವಾಗ ಆಟ ಮಾಡಿ ಕಲಿಸಬೇಕು. ಬಿಸಿ ಹಾಲಿನ ಲೋಟ ಕೊಟ್ಟು, ಕೆನೆ ಆಚೆ ದಡಕ್ಕೆ ಹೋಗುವ ಹಾಗೆ, ಹಾಲು ಚೆಲ್ಲದ ಹಾಗೆ ಮೆಲ್ಲಗೆ ಊದು ಎನ್ನಿ. ಗುಟ್ಟಿರುವುದು ಉಸಿರು ಬಿಡುವುದರಲ್ಲಿ. ಎಳೆಯುವುದಕ್ಕಿಂತ ಬಿಡುವುದು ಉದ್ದವಾದರೆ ಎದೆಬಡಿತ ನಿಧಾನವಾಗುತ್ತದೆ. ದಿನಾ ರಾತ್ರಿ ಹಾಲಿನ ಜೊತೆ ಮಾಡಿದರೆ ಒಂದೆರಡು ತಿಂಗಳಲ್ಲಿ ಅಭ್ಯಾಸವಾಗುತ್ತದೆ. ಆಮೇಲೆ ಮೈದಾನದಲ್ಲಿ 'ಹಾಲು ಊದು' ಎಂದರೆ ಸಾಕು.

ಮತ್ತೆ ನಿದ್ದೆ. ಅಕ್ಕ, ಮಗ ಎಷ್ಟು ಹೊತ್ತಿಗೆ ಮಲಗುತ್ತಾನೆ?

ಡೊಂಬಿವಲಿ ಅಮ್ಮ

ಹನ್ನೊಂದೂವರೆ ಆಗುತ್ತದೆ ಮೇಡಂ. ಅವರಪ್ಪ ಬರುವುದೇ ಹತ್ತಕ್ಕೆ. ಅಪ್ಪನನ್ನು ನೋಡದೆ ಮಲಗುವುದಿಲ್ಲ. ಶಾಲೆ 7.20ಕ್ಕೆ, ಆರಕ್ಕೆ ಎಬ್ಬಿಸುತ್ತೇನೆ.

ಥಾಣೆಕರ್

ಆರೂವರೆ ಗಂಟೆ ಅಷ್ಟೇ ಆಯಿತು! ನಮ್ಮ ಮಕ್ಕಳ ಡಾಕ್ಟರು 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು ಎನ್ನುತ್ತಾರೆ. ನಿದ್ದೆಗೆಟ್ಟ ದೊಡ್ಡವರೇ ಲೋಕಲ್‌ನಲ್ಲಿ ಕಾಲು ತುಳಿದರೆ ಜಗಳಕ್ಕೆ ನಿಲ್ಲುತ್ತೇವೆ.

2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ಮಕ್ಕಳ ನಿದ್ದೆಯ ಕಾರಣಕ್ಕೇ ಒಂದು ಆದೇಶ ಹೊರಡಿಸಿತ್ತು. ನಾಲ್ಕನೇ ತರಗತಿವರೆಗಿನ ಕ್ಲಾಸುಗಳನ್ನು ಬೆಳಿಗ್ಗೆ 9ರ ಮೊದಲು ಶುರು ಮಾಡಬಾರದು ಎಂದು. ಶಾಲೆಯ ಪಾಲಕರ ಸಭೆಯಲ್ಲಿ ನಾಲ್ಕು ಜನ ಸೇರಿ ವಿನಯದಿಂದ ಕೇಳಿ. ಅದು ಆಗುವವರೆಗೆ, ಅಪ್ಪನ ಭೇಟಿಯನ್ನು ಬೆಳಿಗ್ಗೆಗೆ ಇಟ್ಟುಕೊಳ್ಳಿ. ನಾನು ಹಾಗೇ ಮಾಡಿದೆ. ಮಗಳ ಜಡೆ ಹಾಕುವ ಕೆಲಸ ನನ್ನದಾಯಿತು. ರಾತ್ರಿ ಒಂದು ಗಂಟೆಯಲ್ಲಿ ಆಗದ ಮಾತು ಬೆಳಿಗ್ಗೆ ಹತ್ತು ನಿಮಿಷದಲ್ಲಿ ಆಗುತ್ತಿತ್ತು.

ವಾಸ್ಕೋ ಅಮ್ಮ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಮಗಳಿಗೆ ಒಂದೂವರೆ ವರ್ಷ. ಬೇಕೆಂದದ್ದು ಕೊಡದಿದ್ದರೆ ಅತ್ತು ಅತ್ತು ಉಸಿರು ಹಿಡಿಯುತ್ತಾಳೆ, ತುಟಿ ನೀಲಿಯಾಗುತ್ತದೆ. ಹೆದರಿ ಕೇಳಿದ್ದೆಲ್ಲ ಕೊಡುತ್ತಿದ್ದೇನೆ. ಇದೂ ಹಟವಾ?

ಪುಣೆ ಕೌನ್ಸೆಲರ್

ಹಟ ಅಲ್ಲ, ತಂಗಿ. ಆ ವಯಸ್ಸಿನ ಕೆಲವು ಮಕ್ಕಳಿಗೆ ಅಳುವಾಗ ತಾನಾಗಿಯೇ ಹಾಗಾಗುತ್ತದೆ, ಬೇಕೆಂದು ಮಾಡುವುದಲ್ಲ. ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ, ಬೆಳೆದ ಹಾಗೆ ನಿಲ್ಲುತ್ತದೆ. ಆದರೆ ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಲೇಬೇಕು. ಕಬ್ಬಿಣದ ಅಂಶ ಕಡಿಮೆ ಇರುವ ಮಕ್ಕಳಲ್ಲಿ ಇದು ಹೆಚ್ಚು, ರಕ್ತ ಪರೀಕ್ಷೆ ಬೇಕಾ ಎಂದು ಕೇಳಿ. ಆ ಹೊತ್ತಿನಲ್ಲಿ ಪಕ್ಕಕ್ಕೆ ಮಲಗಿಸಿ, ಅಲುಗಾಡಿಸಬೇಡಿ, ಮುಖಕ್ಕೆ ನೀರು ಎರಚಬೇಡಿ. ಒಂದು ನಿಮಿಷದಲ್ಲಿ ಎಚ್ಚರವಾಗದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ದೊಡ್ಡ ಮಕ್ಕಳ ಬಗ್ಗೆಯೂ ಇದೇ ಉಸಿರಿನಲ್ಲಿ ಹೇಳುತ್ತೇನೆ. ತನಗೇ ಪೆಟ್ಟು ಮಾಡಿಕೊಳ್ಳುವುದು, ಬದುಕುವುದು ಬೇಡ ಎನ್ನುವುದು, ವಾರಗಟ್ಟಲೆ ಊಟ ನಿದ್ದೆ ಕೆಡುವುದು, ಶಾಲೆಗೆ ಹೋಗಲಾರೆ ಎಂದು ನಡುಗುವುದು, ಇವು ಮನೆಮದ್ದಿನ ವಿಷಯ ಅಲ್ಲ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ್ದು. ಉಚಿತ, ಹಗಲು ರಾತ್ರಿ ಇರುತ್ತದೆ.

ಮಲ್ಲಿಗೆ ಅಂಧೇರಿ

ಅಜ್ಜ ಸೋಲಿನ ಅಭ್ಯಾಸ ಎಂದದ್ದು ನನ್ನ ತಲೆಯಲ್ಲೇ ತಿರುಗುತ್ತಿದೆ. ಚೆನ್ನೆಮಣೆ ಎಂದರೆ ಗುಳಿಗಳಿರುವ ಮರದ ಮಣೆಯಲ್ಲಿ ಕಾಯಿ ಹಾಕಿ ಆಡುವ ಆಟ. ನಮ್ಮ ತುಳುನಾಡಿನಲ್ಲಿ ಅಕ್ಕ ತಂಗಿ ಒಟ್ಟಿಗೆ ಅದನ್ನು ಆಡಬಾರದು ಎನ್ನುತ್ತಾರೆ. ಸಿರಿ ಪಾಡ್ದನ ಎಂಬ ತುಳು ಹಾಡುಗಥೆಯಲ್ಲಿ ಬರುವ ಅಬ್ಬಗ ದಾರಗರ ಕಥೆ ಅದಕ್ಕೆ ಕಾರಣ. ಅವಳಿ ಹೆಣ್ಣುಮಕ್ಕಳು. ಚೆನ್ನೆ ಆಡುತ್ತ ಆಡುತ್ತ ಜಗಳ ಬಂತು. ಒಬ್ಬಳು ಮಣೆ ಎತ್ತಿ ಇನ್ನೊಬ್ಬಳಿಗೆ ಹೊಡೆದಳು, ಅವಳು ಸತ್ತಳು. ಹೊಡೆದವಳು ತಾನು ಮಾಡಿದ್ದನ್ನು ನೋಡಿ ಬಾವಿಗೆ ಹಾರಿದಳು.

ಚಿಕ್ಕವಳಿದ್ದಾಗ ಈ ಕಥೆ ಕೇಳಿ ಹೆದರಿದ್ದೆ. ಈಗ ಬೇರೆ ತರಹ ಕೇಳಿಸುತ್ತದೆ. ಆಟದ ಸಿಟ್ಟು ಎಷ್ಟು ದೊಡ್ಡದಾಗಬಹುದು ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಪ್ರೀತಿಯ ಜೋಡಿಯೂ ಒಂದು ಕ್ಷಣ ಕೈ ತಪ್ಪಬಹುದು ಎಂದು ಗೊತ್ತಿತ್ತು. ಮಣೆ ಎತ್ತಿದವಳನ್ನು ಆ ಕಥೆ ರಾಕ್ಷಸಿ ಎನ್ನುವುದಿಲ್ಲ. ಇಬ್ಬರನ್ನೂ ಇವತ್ತಿಗೂ ನೆನೆಯುತ್ತೇವೆ.

ಡೊಂಬಿವಲಿ ಅಕ್ಕ, ಬ್ಯಾಟ್ ಎಸೆದ ಮೇಲೆ ನಿಮ್ಮ ಮಗನ ಪಕ್ಕ ಒಬ್ಬರು ನಿಲ್ಲಬೇಕು. ಬಾವಿಯ ಹತ್ತಿರ ಯಾರೂ ಇರಲಿಲ್ಲವಲ್ಲ.

ಮಾಟುಂಗಾ ಅಜ್ಜ

ಮಗಳೇ, ನಿನ್ನ ಬರಹ ಎರಡು ಸಲ ಓದಿದೆ. ನನ್ನ ಅಜ್ಜಿ ಪಾಡ್ದನ ಹೇಳುತ್ತಿದ್ದರು. ಎಷ್ಟೋ ವರ್ಷದಿಂದ ಮರೆತಿದ್ದೆ.

ಬೆತ್ತದ ಮಾತು ಬರೆದೆನಲ್ಲ, ಒಂದು ವಿಷಯ ಬಿಟ್ಟಿದ್ದೆ. ಎಂಟನೇ ವಯಸ್ಸಿನಲ್ಲಿ ಒಂದು ಮಗ್ಗಿ ತಪ್ಪಿದ್ದಕ್ಕೆ ಏಟು ಬಿತ್ತು. ಏಟಿನ ನೋವು ಈಗ ನೆನಪಿಲ್ಲ. ಇಡೀ ತರಗತಿ ನಕ್ಕದ್ದು ನೆನಪಿದೆ. ಅರವತ್ತೆಂಟು ವರ್ಷ ಆಯಿತು. ಪೆಚ್ಚು ಎಂಬ ಪದ ಓದಿದಾಗ ಅದು ನೆನಪಾಯಿತು.

ಸೋಲು ಕಲಿಸಬೇಕು ಎಂಬ ಮಾತಿಗೆ ಈಗಲೂ ನಿಲ್ಲುತ್ತೇನೆ. ಆದರೆ ಮನೆಯೊಳಗೆ, ನಗುವವರು ಇಲ್ಲದ ಕಡೆ. ದಿನಾ ಒಂದು ಆಟ ಆಡಿ. ಬೇಕೆಂದೇ ಸೋಲಬೇಡಿ. ನೀವು ಸೋತಾಗ ಬಾಯಿಬಿಟ್ಟು ಹೇಳಿ, 'ಥೂ, ಪೆಚ್ಚಾಯಿತಪ್ಪ, ಇನ್ನೊಂದು ಆಟ ಹಾಕು' ಎಂದು. ದೊಡ್ಡವರು ಸೋಲುವುದು ಹೇಗೆ ಎಂದು ಅವನು ನೋಡಲಿ.

ಡೊಂಬಿವಲಿ ಅಮ್ಮ

ಹತ್ತು ದಿನ ಆಯಿತು. ಎಲ್ಲರಿಗೂ ಹೇಳಬೇಕು ಎನಿಸಿತು.

ಮೊದಲು ನಾನು ಮಗನ ಹತ್ತಿರ ತಪ್ಪಾಯಿತು ಎಂದೆ. ದೀಪ ಆರಿಸಿದ ಮೇಲೆ. 'ಎಲ್ಲರ ಎದುರು ಹೊಡೆಯಬಾರದಿತ್ತು. ನನಗೆ ಹೆದರಿಕೆ ಆಗಿತ್ತು, ಅದು ಕೈಯಿಂದ ಬಂತು' ಎಂದೆ. ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ 'ನನಗೂ ಕೈಯಿಂದ ಬಂತು' ಎಂದ. ಕನ್ನಡದಲ್ಲಿ. ಪೆಚ್ಚಾಯಿತಾ ಎಂದು ಕೇಳಿದೆ. ಪದ ಗೊತ್ತಿರಲಿಲ್ಲ, ವಿವರಿಸಿದೆ. 'ಹಾಂ, ಅದೇ. ಕಿವಿ ಬಿಸಿ ಆಯಿತು' ಎಂದ. ಆಗ ಅತ್ತ. ಶನಿವಾರದಿಂದ ತಡೆದಿಟ್ಟಿದ್ದ ಅಳು.

ಮರುದಿನ ಇಬ್ಬರೂ ಬಿ ವಿಂಗಿಗೆ ಹೋದೆವು. ಸಾರಿ ಹೇಳು ಎಂದು ಬಲವಂತ ಮಾಡಲಿಲ್ಲ. ಏನು ತೆಗೆದುಕೊಂಡು ಹೋಗೋಣ ಎಂದು ಕೇಳಿದೆ. ತನ್ನ ಹೊಸ ಟೆನಿಸ್ ಬಾಲ್ ಎತ್ತಿಕೊಂಡ. ಆ ಹುಡುಗನ ಅಮ್ಮ ಮೊದಲು ಮುಖ ಕೊಡಲಿಲ್ಲ. ಅವರ ನೋವು ಅವರಿಗೆ, ನಾನು ನಿಂತು ಕೇಳಿಸಿಕೊಂಡೆ. ಡ್ರೆಸ್ಸಿಂಗಿನ ಖರ್ಚು ನಾವೇ ಕೊಟ್ಟೆವು. ಮಕ್ಕಳಿಬ್ಬರೂ ಹೊಲಿಗೆ ಎಷ್ಟು ಎಂದು ಎಣಿಸುತ್ತಿದ್ದರು.

ಎಲ್ಲ ಸರಿಹೋಯಿತು ಎಂದಲ್ಲ. ನಿನ್ನೆ ಹಾವು ಏಣಿ ಆಟದಲ್ಲಿ 90ರ ಹತ್ತಿರ ಹಾವು ಕಚ್ಚಿ ಕೆಳಗೆ ಬಂದ. ಬೋರ್ಡ್ ಎತ್ತಿದ. ಎತ್ತಿ ಹಿಡಿದೇ ನನ್ನ ಮುಖ ನೋಡಿದ. ನಾನು ಸುಮ್ನೆ ಲೋಟ ಹಿಡಿದ ಹಾಗೆ ಕೈ ಮಾಡಿ ಊದಿದೆ. ಬೋರ್ಡ್ ಕೆಳಗಿಟ್ಟ. ಕಾಯಿಗಳೆಲ್ಲ ಚೆಲ್ಲಿಹೋಗಿದ್ದವು. ಆಟ ಮುಂದುವರಿಯಲಿಲ್ಲ. ಆದರೂ ಬೋರ್ಡ್ ಯಾರ ಮೇಲೂ ಬೀಳಲಿಲ್ಲ.

ನಿದ್ದೆ ಈಗ ಹತ್ತಕ್ಕೆ ತಂದಿದ್ದೇವೆ. ಬೆಳಿಗ್ಗೆ ಅಪ್ಪನೇ ಸ್ನಾನ ಮಾಡಿಸುತ್ತಾರೆ. ಅತ್ತೆಯವರು ಒಂದು ಪದ ಕೊಟ್ಟಿದ್ದಾರೆ, ರಚ್ಚೆ. ಚಿಕ್ಕವರಿದ್ದಾಗ ನನ್ನ ಗಂಡ ಹಿಡಿಯುತ್ತಿದ್ದ ರಚ್ಚೆಯ ಕಥೆ ಕೇಳಿ ಮಗನಿಗೆ ಬಹಳ ಖುಷಿ. ಈಗ ಅವನಿಗೆ ಚೆನ್ನೆಮಣೆ ನೋಡಬೇಕಂತೆ. ಅಂಧೇರಿ ಅಕ್ಕನ ಕಥೆ ಹೇಳಿದ್ದೆ. ಮುಂಬಯಿಯಲ್ಲಿ ಎಲ್ಲಿ ಸಿಗುತ್ತದೆ?

ಮಾಟುಂಗಾ ಅಜ್ಜ

ಹುಡುಕಬೇಡಿ ತಾಯಿ. ನನ್ನ ಮನೆಯ ಅಟ್ಟದಲ್ಲಿ ಒಂದಿದೆ, ಊರಿಂದ ಅಮ್ಮ ತಂದದ್ದು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ ಬೇಕು. ನಿನ್ನೆ ಇಳಿಸಿ ಎಣಿಸಿದೆ, 51 ಇವೆ. ಐದು ಹುಣಸೆಬೀಜ ತೊಳೆದು ಒಣಗಿಸಿ ತನ್ನಿ. ಸ್ಲೋ ಲೋಕಲ್ ಹಿಡಿಯಿರಿ, ಹೆಚ್ಚಿನ ಫಾಸ್ಟ್ ಗಾಡಿ ಮಾಟುಂಗಾದಲ್ಲಿ ನಿಲ್ಲುವುದಿಲ್ಲ. ಭಾನುವಾರ ಆದರೆ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗೆ ಗಾಡಿ ನಿಲ್ಲಿಸುವುದು, ಇದೆಯಾ ಎಂದು ನೋಡಿಕೊಂಡು ಹೊರಡಿ. ಫೋನ್ ನಂಬರ್ ಬೇರೆಯಾಗಿ ಕಳಿಸುತ್ತೇನೆ. ಬಿ ವಿಂಗಿನ ಹುಡುಗನನ್ನೂ ಕರೆದುಕೊಂಡು ಬನ್ನಿ, ಅವರಮ್ಮ ಒಪ್ಪಿದರೆ.